ಡಿಗ್ರಿ ಮುಗೀತು, ಯಾವಾಗ ಹೊಂಟಿ?

ಧಾರವಾಡದಲ್ಲಿ ಡಿಗ್ರಿಯ ಕೊನೆಯ ಪೇಪರ್ ಬರೆದು ಮನೆಯಲ್ಲಿ ಕೂತ ಹುಡುಗನಿಗೆ ಓಣಿಯ ಜನ ಕೇಳುವ ಪ್ರಶ್ನೆ ವಾರದಿಂದ ವಾರಕ್ಕೆ ಬದಲಾಗುತ್ತದೆ. ಮೊದಲು, ‘ಪೇಪರ್ ಹೆಂಗ ಆದುವಪಾ?’ ಸ್ವಲ್ಪ ದಿನ ಕಳೆದ ಮೇಲೆ, ‘ರಿಸಲ್ಟ್ ಬಂತೇನು?’ ರಿಸಲ್ಟೂ ಬಂದ ಮೇಲೆ ಉಳಿಯುವುದು ಒಂದೇ: ‘ಯಾವಾಗ ಹೊಂಟಿ?’ ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ಬೆಂಗಳೂರಿಗೆ ಎನ್ನುವುದು ಎಲ್ಲರಿಗೂ ಗೊತ್ತಿದ್ದದ್ದೇ. ಪುಣೆಗೆ ಹೊರಟಿದ್ದರೆ ಹುಡುಗನೇ ಬಾಯಿಬಿಟ್ಟು ತಿದ್ದುತ್ತಾನೆ.

ಊರು ಬಿಡುವುದಕ್ಕೆ ಇದಕ್ಕಿಂತ ಕೆಟ್ಟ ಕಾಲ ಇನ್ನೊಂದಿಲ್ಲ. ಕೆಲಗೇರಿ, ಕಲಕೇರಿ ಕಡೆಯ ತೋಟಗಳ ಆಪೂಸು ಪೇಟೆಗೆ ಇಳಿಯುವುದು ಆಗಲೇ. ಮಧ್ಯಾಹ್ನದ ತನಕ ನೆತ್ತಿ ಸುಡುವ ಬಿಸಿಲು, ಇಳಿಹೊತ್ತಿಗೆ ಮೋಡ ಕಟ್ಟಿ, ಸಂಜೆ ಗುಡುಗು ಸಮೇತ ಅಡ್ಡಮಳಿ ಬಿದ್ದು, ರಾತ್ರಿ ಹೊದ್ದುಕೊಳ್ಳಬೇಕಾದಷ್ಟು ತಂಪು. ಮಲೆನಾಡಿನ ಸೆರಗಿನಲ್ಲಿರುವ ಧಾರವಾಡದ ಭಾಗ್ಯ ಇದು. ಇಪ್ಪತ್ತು ಕಿಲೋಮೀಟರ್ ಆಚೆ ಎರೆಭೂಮಿಯ ಹುಬ್ಬಳ್ಳಿಗೆ ಇದರಲ್ಲಿ ಅರ್ಧ ಪಾಲು ಮಾತ್ರ ಎಂದು ಧಾರವಾಡದವರ ಅಂಬೋಣ. ಹುಬ್ಬಳ್ಳಿಯವರು ಒಪ್ಪುವುದಿಲ್ಲ, ಒಪ್ಪಬೇಕೆಂಬ ಆಸೆಯೂ ನಮಗಿಲ್ಲ. ಸಂಜೆಯಾದರೆ ಸಾಧನಕೇರಿಯ ದಂಡೆಗೆ, ವಿಶ್ವವಿದ್ಯಾಲಯದ ಗುಡ್ಡಕ್ಕೆ, ಅತ್ತ ಉಣಕಲ್ ಕೆರೆಗೆ, ನೃಪತುಂಗ ಬೆಟ್ಟಕ್ಕೆ ಕಾಲೇಜು ಮುಗಿಸಿದವರ ಗುಂಪುಗಳು ಬರುತ್ತವೆ. ಕೈಯಲ್ಲಿ ಗಿರ್ಮಿಟ್ಟು, ನಂಚಿಕೊಳ್ಳಲು ಮಿರ್ಚಿ. ಮೂರು ವರ್ಷ ಕ್ಲಾಸಿಗೆ ಚಕ್ಕರ್ ಹೊಡೆದು ಬಂದ ಜಾಗಗಳೇ ಇವು. ಈಗ ಚಕ್ಕರ್ ಹೊಡೆಯಲು ಕ್ಲಾಸೇ ಇಲ್ಲ, ಹಾಗಾಗಿ ರುಚಿ ತುಸು ಕಮ್ಮಿ.

ವಾರ್ಷಿಕ ಪರೀಕ್ಷೆಗಳಿದ್ದ ಕಾಲದಲ್ಲಿ ಇದೆಲ್ಲ ಏಪ್ರಿಲ್‌ನಿಂದ ಜೂನ್ ಒಳಗೆ ಮುಗಿಯುತ್ತಿತ್ತು. ಸೆಮಿಸ್ಟರ್ ಬಂದ ಮೇಲೆ ಕೊನೆಯ ಪರೀಕ್ಷೆ ಮಳೆಗಾಲಕ್ಕೆ ಜಾರುವುದೂ ಉಂಟು. ಆದರೂ ನಮ್ಮ ಕಡೆ ಅದು ಬ್ಯಾಸಿಗಿ ಸೂಟಿಯೇ. ಬಾಳಿನ ಕೊನೆಯ ಸೂಟಿ. ಇದರ ನಂತರ ಸಿಗುವ ರಜೆಗೆಲ್ಲ ಅರ್ಜಿ ಹಾಕಬೇಕು.

ನಾನು ಊರು ಬಿಡದೆ ಉಳಿದವರ ಪೈಕಿ. ಹೋದವರ ಬಗ್ಗೆ ಹೋದವರೇ ಬೇಕಾದಷ್ಟು ಬರೆದಿದ್ದಾರೆ. ನೆನಪು, ಮಣ್ಣಿನ ವಾಸನೆ, ಅವ್ವನ ಕೈಯ ರೊಟ್ಟಿ, ಎಲ್ಲ ಬಂದಾಗಿದೆ. ಕಳಿಸಿಕೊಡಲು ನಿಂತವನಿಗೆ ಬೇರೆ ಕೆಲವು ಸಂಗತಿ ಕಾಣುತ್ತವೆ. ಅದರಲ್ಲಿ ಮುಖ್ಯವಾದದ್ದು: ಈ ಊರಿನಿಂದ ಹೋಗುವುದು ಹೊಸದಲ್ಲ, ತಿರುಗಿ ಬಾರದಿರುವುದು ಹೊಸದು.

ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ. ಅದರ ಕಲ್ಲಿನ ಹಳೆಯ ಕಟ್ಟಡವನ್ನು ಮೂಲದಲ್ಲಿ ಕಟ್ಟಿದ್ದು ಪಾಠ ಹೇಳಲಿಕ್ಕಲ್ಲ, ಸದರ್ನ್ ಮರಾಠಾ ರೈಲ್ವೆ ಕಂಪನಿಯ ಕಚೇರಿಗೆ. ರೈಲಿನವರ ಕಟ್ಟಡದಲ್ಲಿ ಕಾಲೇಜು ತೆರೆದರೆ ಓದಿದವರು ರೈಲು ಹತ್ತದೆ ಇನ್ನೇನು ಮಾಡಿಯಾರು ಎಂದು ಹಿರಿಯ ಮಾಸ್ತರರೊಬ್ಬರು ಚೇಷ್ಟೆ ಮಾಡುತ್ತಿದ್ದರು. ಆದರೆ ಆ ಕಾಲೇಜು ಇಲ್ಲದ ಕಾಲದಲ್ಲಿ ಧಾರವಾಡದ ಹುಡುಗರು ರೈಲು ಹತ್ತುತ್ತಿದ್ದದ್ದು ಡಿಗ್ರಿ ಮುಗಿಸಿ ಅಲ್ಲ, ಡಿಗ್ರಿ ತರಲಿಕ್ಕೆ. ಮ್ಯಾಟ್ರಿಕ್ ಆದೊಡನೆ ಪುಣೆ, ಇಲ್ಲವೇ ಮುಂಬಯಿ. ಆಲೂರು ವೆಂಕಟರಾಯರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಬಿ.ಎ. ಮಾಡಿ, ಕಾನೂನು ಓದಿ, ಧಾರವಾಡಕ್ಕೆ ಬಂದು ವಕೀಲಿ ಹಿಡಿದರು; ಆಮೇಲೆ ಅದನ್ನೂ ಬಿಟ್ಟು ಕರ್ನಾಟಕ ಏಕೀಕರಣಕ್ಕೆ ಬಿದ್ದರು. ಬೇಂದ್ರೆಯವರೂ ಅದೇ ಫರ್ಗ್ಯುಸನ್ ಕಾಲೇಜಿನಿಂದ 1918ರಲ್ಲಿ ಬಿ.ಎ. ಆಗಿ, ಊರಿಗೆ ಮರಳಿ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಮಾಸ್ತರಿಕೆ ಮಾಡಿದರು. ಮುಂದೆ ಅವರು ಹೊಟ್ಟೆಪಾಡಿಗೆ ವರ್ಷಗಟ್ಟಲೆ ಸೊಲ್ಲಾಪುರದಲ್ಲಿ ಇರಬೇಕಾಯಿತು ಎನ್ನುವುದನ್ನು ಮರೆಯಬಾರದು. ಅಲ್ಲಿಂದಲೂ ಸಾಧನಕೇರಿಗೇ ಬಂದರು.

ಪದವಿ ತರಲು ಹೊರಗೆ ಹೋದ ತಲೆಮಾರು ತಿರುಗಿ ಬಂತು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾಗಿ, ಪದವಿ ಮನೆಬಾಗಿಲಲ್ಲೇ ಸಿಗತೊಡಗಿದ ಮೇಲೆ ಬಂದ ತಲೆಮಾರುಗಳು ಅದನ್ನು ಕೈಯಲ್ಲಿ ಹಿಡಿದು ಹೊರಟುಹೋದವು. ಇದರಲ್ಲಿ ಇನ್ನೊಂದು ವಿಪರ್ಯಾಸವಿದೆ. ಕನ್ನಡಿಗರೆಲ್ಲ ಒಂದಾಗಬೇಕು ಎಂದು ಮುಂಚೂಣಿಯಲ್ಲಿ ನಿಂತು ಹೋರಾಡಿದ್ದು ಈ ಊರು. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದ ಅಂಗಳದಲ್ಲೇ ಅದಕ್ಕೆ ನೆಲೆ. 1956ರ ನವೆಂಬರ್ 1ರಂದು ಆಸೆ ಕೈಗೂಡಿತು. ಅಲ್ಲಿಯ ತನಕ ಧಾರವಾಡದ ಹುಡುಗರಿಗೆ ದೊಡ್ಡ ಊರೆಂದರೆ ಬಡಗಲ ಪುಣೆ, ಮುಂಬಯಿ. ರಾಜಧಾನಿ ಬೆಂಗಳೂರಾದ ಮೇಲೆ ಟ್ರಂಕು ಹಿಡಿದವರ ಮುಖ ನಿಧಾನವಾಗಿ ತೆಂಕಲಿಗೆ ತಿರುಗಿತು. ನಾವೇ ಕೂಗಿ ಕರೆದು ತಂದ ರಾಜ್ಯ ನಮ್ಮ ಮಕ್ಕಳನ್ನು ಒಯ್ದಿತು ಎಂದು ನಮ್ಮ ಕಡೆ ಕೆಲವರು ಸಿಟ್ಟಿನಿಂದ ಹೇಳುತ್ತಾರೆ. ಸಿಟ್ಟು ನ್ಯಾಯದ್ದೇ, ಆದರೆ ಅದು ಪೂರ್ತಿ ಲೆಕ್ಕವಲ್ಲ. ಮುಂಬಯಿ ಪ್ರಾಂತ್ಯದಲ್ಲೇ ಉಳಿದಿದ್ದರೆ ಮಕ್ಕಳು ಮುಂಬಯಿಗೆ ಹೋಗುತ್ತಿದ್ದರು, ಅಷ್ಟೇ.

ಪದವಿ ಮುಗಿದು ಊರು ಬಿಡುವ ಮುಂಚಿನ ದಿನಗಳಲ್ಲಿ ಮನುಷ್ಯನ ಒಳಗೆ ಏನೇನು ನಡೆಯುತ್ತದೆ ಎಂಬುದಕ್ಕೆ ಧಾರವಾಡ ಕೊಟ್ಟ ಅತ್ಯಂತ ದೊಡ್ಡ ಸಾಕ್ಷಿ ಒಂದು ನಾಟಕ. ಗಿರೀಶ ಕಾರ್ನಾಡರು ಕರ್ನಾಟಕ ಕಾಲೇಜಿನಿಂದ 1958ರಲ್ಲಿ ಗಣಿತ, ಸಂಖ್ಯಾಶಾಸ್ತ್ರದಲ್ಲಿ ಪದವಿ ಪಡೆದವರು. ಮುಂದೆ ರೋಡ್ಸ್ ವಿದ್ಯಾರ್ಥಿವೇತನ ಸಿಕ್ಕಿತು, 1960ರಲ್ಲಿ ಆಕ್ಸ್‌ಫರ್ಡಿಗೆ ಹೊರಟರು. ಆ ಕಾಲಕ್ಕೆ ಮಧ್ಯಮವರ್ಗದ ಮನೆಯೊಂದಕ್ಕೆ ಇದು ಸಂಭ್ರಮವೂ ಹೌದು, ಸಂಕಟವೂ ಹೌದು. ಮಗ ತಿರುಗಿ ಬರುತ್ತಾನೋ ಇಲ್ಲವೋ, ಅಲ್ಲೇ ಯಾರನ್ನಾದರೂ ಮದುವೆಯಾಗಿಬಿಟ್ಟರೆ ಹೇಗೆ, ಓದಿಸಿದ ಹಿರಿಯರ ಋಣ ಏನು? ತಯಾರಿಯ ಗಡಿಬಿಡಿ, ಮನಸ್ಸಿನ ಕ್ಷೋಭೆ ಎರಡೂ ಸೇರಿದ್ದ ಆ ದಿನಗಳಲ್ಲೇ ತಾನು ‘ಯಯಾತಿ’ ಬರೆಯತೊಡಗಿದ್ದು ಎಂದು ಕಾರ್ನಾಡರೇ ಬರೆದುಕೊಂಡಿದ್ದಾರೆ. ಅವರು ಅಲ್ಲಿಯ ತನಕ ಕನಸಿದ್ದು ಇಂಗ್ಲಿಷ್ ಕವಿಯಾಗಲು. ಬಂದದ್ದು ನಾಟಕ, ಅದೂ ಕನ್ನಡದಲ್ಲಿ, ಅದೂ ಪುರಾಣದಿಂದ. ತಂದೆಯ ಮುಪ್ಪನ್ನು ಮಗ ಹೊರುವ ಕಥೆ.

ಇದನ್ನು ಕನ್ನಡ ರಂಗಭೂಮಿಯ ಚರಿತ್ರೆಯಲ್ಲಿ ಒಂದು ಘಟ್ಟ ಎಂದು ಓದುತ್ತೇವೆ, ಸರಿ. ಧಾರವಾಡದಲ್ಲಿ ಕೂತು ಓದಿದರೆ ಇನ್ನೊಂದು ಅರ್ಥ ಹೊಳೆಯುತ್ತದೆ. ಹೊರಟು ನಿಂತ ಇಪ್ಪತ್ತೆರಡರ ಹುಡುಗನೊಬ್ಬ ತಂದೆತಾಯಿಗೆ ಎದುರು ನಿಂತು ಹೇಳಲಾಗದ್ದನ್ನು ಪುರುವಿನ ಬಾಯಿಯಿಂದ, ಅದಕ್ಕಿಂತ ಹೆಚ್ಚಾಗಿ ಪುರುವಿನ ಹೆಂಡತಿ ಚಿತ್ರಲೇಖೆಯ ಬಾಯಿಯಿಂದ ಹೇಳಿಸಿದ್ದಾನೆ. 1961ರಲ್ಲಿ ಅದನ್ನು ಪ್ರಕಟಿಸಿದ್ದು ಇಲ್ಲಿನದೇ ಮನೋಹರ ಗ್ರಂಥಮಾಲೆ. 1933ರಲ್ಲಿ ಹುಟ್ಟಿದ ಈ ಪ್ರಕಾಶನದ ಸುಭಾಸ ರಸ್ತೆಯ ‘ಅಟ್ಟ’ದಲ್ಲಿ ಜಿ.ಬಿ. ಜೋಶಿ, ಕೀರ್ತಿನಾಥ ಕುರ್ತಕೋಟಿ ಕೂತು ಹಸ್ತಪ್ರತಿ ಓದುತ್ತಿದ್ದರು. ಹುಡುಗ ಊರು ಬಿಟ್ಟ, ಅವನ ಪುಸ್ತಕವನ್ನು ಊರು ಹಿಡಿದುಕೊಂಡಿತು. ಎಲ್ಲ ಹುಡುಗರಿಗೂ ಇಂಥ ಅಟ್ಟ ಸಿಗುವುದಿಲ್ಲ. ಬಹಳ ಜನ ತಂದೆಗೆ ಹೇಳಬೇಕಾದ್ದನ್ನು ಹೇಳದೆಯೇ ಬಸ್ಸು ಹತ್ತುತ್ತಾರೆ.

ಹುಬ್ಬಳ್ಳಿ ಕಡೆಯ ಕಥೆ ಹೇಳುವುದಾದರೆ ಸುಧಾ ಮೂರ್ತಿಯವರದ್ದು ಎಲ್ಲರಿಗೂ ಗೊತ್ತು. 1947ರಲ್ಲಿ ಆರಂಭವಾದ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಗಂಡುಹುಡುಗರ ನಡುವೆ ಓದಿ, ಬೆಂಗಳೂರಿನ ಐ.ಐ.ಎಸ್‌ಸಿ.ಯಲ್ಲಿ ಸ್ನಾತಕೋತ್ತರ ಪದವಿ ಮುಗಿಸುವ ಹೊತ್ತಿಗೆ, 1974ರಲ್ಲಿ, ಹೆಣ್ಣುಮಕ್ಕಳು ಅರ್ಜಿ ಹಾಕಬೇಕಿಲ್ಲ ಎಂದಿದ್ದ ಟೆಲ್ಕೊ ಜಾಹೀರಾತು ನೋಡಿ ಜೆ.ಆರ್.ಡಿ. ಟಾಟಾ ಅವರಿಗೆ ಕಾರ್ಡು ಬರೆದದ್ದು, ಕೆಲಸ ಸಿಕ್ಕಿ ಪುಣೆಗೆ ಹೋದದ್ದು. ಅವರು ಈ ಕಥೆಯನ್ನು ಅನೇಕ ಸಲ ಹೇಳಿದ್ದಾರೆ, ನಾನು ಬೆಳೆಸುವುದಿಲ್ಲ. ಒಂದು ಮಾತು ಮಾತ್ರ: ನಮ್ಮ ಹುಡುಗಿಯರಿಗೆ ಊರು ಬಿಡುವ ಹಕ್ಕು ಬಂದು ಬಹಳ ಕಾಲವಾಗಿಲ್ಲ.

ಈಗಲೂ ಅದು ಎಲ್ಲರಿಗೂ ಬಂದಿಲ್ಲ. ಒಂದೇ ಬೆಂಚಿನಲ್ಲಿ ಕೂತ ಇಬ್ಬರು ಗೆಳತಿಯರ ಬೇಸಿಗೆ ಬೇರೆಯೇ ಆಗಿರುತ್ತದೆ. ಒಬ್ಬಳು ಬೆಂಗಳೂರಿನ ಪಿ.ಜಿ.ಗಳ ಬಾಡಿಗೆ ವಿಚಾರಿಸುತ್ತಿರುತ್ತಾಳೆ. ಇನ್ನೊಬ್ಬಳ ಮನೆಯಲ್ಲಿ ಪರದೆ ಒಗೆದು ಹಾಕುತ್ತಾರೆ, ಅಕ್ಕಪಕ್ಕದವರಿಂದ ಕಪ್ಪು ಬಸಿ ತರುತ್ತಾರೆ: ಆದಿತ್ಯವಾರ ಹುಡುಗನ ಕಡೆಯವರು ನೋಡಲು ಬರುತ್ತಾರೆ. ‘ಡಿಗ್ರಿ ಆತಲ್ಲ, ಇನ್ನೇನು?’ ಎಂದು ಮಾವಶಿ ಅನ್ನುವಾಗ ಆ ಡಿಗ್ರಿ ದಾರಿ ತೆರೆಯುವ ಕಾಗದವಲ್ಲ, ಮದುವೆಯ ಬಯೋಡೇಟಾದ ಒಂದು ಸಾಲು. ಆಕೆಯೂ ಊರು ಬಿಡುತ್ತಾಳೆ, ಬಹುಶಃ ಅದೇ ಬೆಂಗಳೂರಿಗೆ. ಆದರೆ ಅವಳನ್ನು ಕಳಿಸಲು ಊರೆಲ್ಲ ಸೇರುತ್ತದೆ, ಬ್ಯಾಂಡು ಬರುತ್ತದೆ. ಗೆಳತಿಯ ನೌಕರಿಗೆ ಮಾತ್ರ ಓಣಿಯಲ್ಲಿ ಪಿಸುಮಾತು. ‘ಒಬ್ಬಾಕಿನ ಕಳಸ್ತೀರಿ?’ ಎಂದು ಕೇಳುವವರಿಗೆ ಉತ್ತರ ಕೊಟ್ಟು ಕೊಟ್ಟು ಅವ್ವಂದಿರು ಗಟ್ಟಿಯಾಗಿದ್ದಾರೆ. ಕೆಲವು ಮನೆಗಳಲ್ಲಿ ಮಗಳಿಗಿಂತ ಮುಂಚೆ ಹೊರಡುವ ಧೈರ್ಯ ಮಾಡಿದ್ದು ಅವ್ವನೇ. ತಾನು ಹೋಗಲಾಗಲಿಲ್ಲ, ಇವಳಾದರೂ ಹೋಗಲಿ ಎಂದು ಅಪ್ಪನ ಜೊತೆ ವಾದ ಹೂಡಿದ ತಾಯಂದಿರ ಸಂಖ್ಯೆ ನಮ್ಮ ಓಣಿಯಲ್ಲೇ ಸಣ್ಣದಲ್ಲ.

ಇನ್ನೊಂದು ಬೀಳ್ಕೊಡುಗೆ ಇದೆ, ಅದನ್ನು ಊರಿನವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಧಾರವಾಡದಲ್ಲಿ ಓದುವವರಲ್ಲಿ ಬಹಳಷ್ಟು ಮಂದಿ ಇಲ್ಲಿನವರೇ ಅಲ್ಲ. ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆ, ವಿಜಯಪುರದ ಹಳ್ಳಿಗಳಿಂದ ಬಂದವರು. ಸರ್ಕಾರಿ ಹಾಸ್ಟೆಲ್ಲು, ಮುರುಘಾಮಠದ ಪ್ರಸಾದ ನಿಲಯ, ಇಲ್ಲವೇ ನಾಲ್ವರು ಸೇರಿ ಹಿಡಿದ ರೂಮು. ಇವರು ಹಳ್ಳಿಯನ್ನು ಬಿಟ್ಟದ್ದು ಮೂರು ವರ್ಷದ ಹಿಂದೆ. ಈಗ ಎರಡನೇ ಸಲ ಊರು ಬಿಡುತ್ತಿದ್ದಾರೆ. ರೂಮು ಖಾಲಿ ಮಾಡುವ ದಿನ ನೋಡಬೇಕು. ಕಾಟು, ಸ್ಟೋವು, ಬಕೀಟು, ಗೋಡೆಗಡಿಯಾರ ಜೂನಿಯರ್‌ಗಳಿಗೆ ಹಂಚಿಕೆಯಾಗುತ್ತವೆ. ನೋಟ್ಸುಗಳಿಗೆ ಗಿರಾಕಿ ಉಂಟು, ಉಳಿದದ್ದು ರದ್ದಿಗೆ. ಓನರ್ ಜೊತೆ ಡಿಪಾಜಿಟ್ಟಿನ ಚೌಕಾಸಿ: ಗೋಡೆಯಲ್ಲಿ ಮೊಳೆ ಯಾರು ಹೊಡೆದರು, ಸುಣ್ಣಕ್ಕೆ ಎಷ್ಟು ಮುರಿದುಕೊಳ್ಳಬೇಕು. ಖಾನಾವಳಿಯ ಬಾಕಿ ತೀರಿಸಲು ಹೋದರೆ ಅಲ್ಲಿನ ಅಕ್ಕ ‘ಇವತ್ತೊಂದಿನ ಉಂಡು ಹೋಗು’ ಅಂದು ಎರಡು ರೊಟ್ಟಿ ಜಾಸ್ತಿ ಹಾಕುತ್ತಾಳೆ. ಲೈನ್ ಬಜಾರಿನಲ್ಲಿ ಸರದಿ ಹಚ್ಚಿ ತಂದ ಪೇಡೆಯ ಡಬ್ಬಿ ಹಳ್ಳಿಗೆ. ಹತ್ತೊಂಬತ್ತನೆಯ ಶತಮಾನದಲ್ಲಿ ಉತ್ತರ ಪ್ರದೇಶದ ಉನ್ನಾವೊ ಕಡೆಯಿಂದ ಬಂದ ಠಾಕೂರ್ ಮನೆತನ ಇಲ್ಲಿ ನೆಲೆನಿಂತು ಮಾಡಿದ್ದು ಈ ಪೇಡೆ. ಊರು ಬಿಟ್ಟು ಬಂದವರ ಕೈಯ ಸಿಹಿಯನ್ನೇ ಊರು ಬಿಡುವವರು ಕಟ್ಟಿಸಿಕೊಂಡು ಹೋಗುತ್ತಾರೆ.

ಎಂಜಿನಿಯರಿಂಗ್ ಮುಗಿಸಿದವರ ಬೇಸಿಗೆಗೆ ಬೇರೆಯದೇ ಕಾಯಿಲೆ. ಕ್ಯಾಂಪಸ್ಸಿನಲ್ಲಿ ಆಯ್ಕೆಯಾಗಿರುತ್ತದೆ, ಪೇಡೆ ಹಂಚಿಯಾಗಿರುತ್ತದೆ, ಆಫರ್ ಲೆಟರ್ ಮೊಬೈಲಿನಲ್ಲಿರುತ್ತದೆ, ಜಾಯ್ನಿಂಗ್ ಡೇಟು ಮಾತ್ರ ಬರುವುದಿಲ್ಲ. 2022ರಲ್ಲಿ ಪಾಸಾದ ಕೆಲವರನ್ನು ದೊಡ್ಡ ಕಂಪನಿಗಳೇ ಎರಡು ವರ್ಷದ ತನಕ ಕಾಯಿಸಿದ್ದು ದೇಶದ ಸುದ್ದಿಯಾಗಿತ್ತು. ಆ ಅವಧಿಯಲ್ಲಿ ಹುಡುಗ ಮನೆಯಲ್ಲಿ ಅರ್ಧ ಅತಿಥಿ. ಹೊಸ ಬ್ಯಾಗು ಅಟ್ಟದ ಮೇಲೆ, ಶೇಂಗಾ ಚಟ್ನಿ ಕುಟ್ಟಿದ್ದು ಖರ್ಚಾಗಿ ಮತ್ತೊಮ್ಮೆ ಕುಟ್ಟಬೇಕು. ‘ಯಾವಾಗ ಹೊಂಟಿ?’ ಎನ್ನುವವರಿಗೆ ಹೆದರಿ ಹುಡುಗರು ಸಂಜೆ ಹೊರಗೆ ಬರುವುದನ್ನೇ ಬಿಡುತ್ತಾರೆ.

ಹೊರಡಲಾಗದವರ ಬೇಸಿಗೆ ಸಪ್ತಾಪುರದಲ್ಲಿದೆ. ಶ್ರೀನಗರ ಸರ್ಕಲ್ಲಿನಿಂದ ಹಿಡಿದು ಆ ಇಡೀ ಸುತ್ತು ಕೋಚಿಂಗ್ ಕ್ಲಾಸಿನ ಬೋರ್ಡುಗಳ ಕಾಡು. ಕೆ.ಎ.ಎಸ್., ಪಿ.ಎಸ್.ಐ., ಪಿ.ಡಿ.ಒ., ಎಫ್.ಡಿ.ಎ., ಎಸ್.ಡಿ.ಎ. ತಿಂಗಳಿಗಿಷ್ಟು ಎಂದು ದುಡ್ಡು ಕಟ್ಟಿ ಕುರ್ಚಿ ಹಿಡಿಯುವ ಲೈಬ್ರರಿಗಳು, ರಾತ್ರಿಯೂ ದೀಪ ಆರದ ಕೋಣೆಗಳು. ಡಿಗ್ರಿ ಮುಗಿದ ವರ್ಷದ ಬೇಸಿಗೆಯಲ್ಲಿ ‘ಒಂದು ಪ್ರಯತ್ನ ಮಾಡೂಣು’ ಎಂದು ಬಂದವರಿಗೆ ಆ ಬೇಸಿಗೆ ನಾಲ್ಕೈದು ವರ್ಷ ಮುಗಿಯುವುದೇ ಇಲ್ಲ. ತಪ್ಪು ಅವರದ್ದೇ ಅನ್ನೋಣವೇ? 545 ಪಿ.ಎಸ್.ಐ. ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ನೇಮಕಾತಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಅದೇ ವರ್ಷ ಆಗಸ್ಟ್‌ನಲ್ಲಿ 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಪತ್ರಿಕೆ ಅನುವಾದದ ತಪ್ಪುಗಳಿಂದ ತುಂಬಿತ್ತು, ಡಿಸೆಂಬರ್‌ನಲ್ಲಿ ಮತ್ತೆ ಬರೆಯಬೇಕಾಯಿತು. ಕನ್ನಡದಲ್ಲಿ ಓದಿದವರೇ ಹೆಚ್ಚಿರುವ ಸಪ್ತಾಪುರಕ್ಕೆ ಅದರ ಪೆಟ್ಟು ಎಷ್ಟು ಬಿದ್ದಿತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿನ ಹುಡುಗನಿಗೆ ಹಳ್ಳಿಗೆ ಹೋಗಲು ಮುಖವಿಲ್ಲ. ಹಬ್ಬಕ್ಕೆ ಹೋದರೆ ‘ಎಲ್ಲಿಗೆ ಬಂತು ನಿನ್ನ ನೌಕರಿ?’ ಎಂಬ ಪ್ರಶ್ನೆ ಬಸ್‌ಸ್ಟ್ಯಾಂಡಿನಿಂದಲೇ ಬೆನ್ನು ಹತ್ತುತ್ತದೆ. ಬೆಂಗಳೂರಿಗೆ ಹೋಗಿ ಸಿಕ್ಕ ಕೆಲಸ ಹಿಡಿದರೆ ಇಷ್ಟು ವರ್ಷ ಓದಿದ್ದು ನೀರಲ್ಲಿ ಹೋಮ. ಇವನು ಯಾವ ಊರನ್ನೂ ಬಿಟ್ಟಿಲ್ಲ, ಯಾವ ಊರಲ್ಲೂ ಇಲ್ಲ. ಊರು ಬಿಟ್ಟವರ ದುಃಖದ ಬಗ್ಗೆ ಬರೆಯುವ ನಾವು ಇವನ ಬಗ್ಗೆ ಬರೆಯುವುದು ನೇಮಕಾತಿ ಹಗರಣ ಆದಾಗ ಮಾತ್ರ.

ಹಾಗಾದರೆ ಇಲ್ಲೇ ಕೆಲಸ ಇಲ್ಲವೇ? ಇದೆ, ಸಾಕಷ್ಟಿಲ್ಲ. ರೈಲ್ವೆ ವರ್ಕ್‌ಶಾಪು ಬ್ರಿಟಿಷರ ಕಾಲದ್ದು. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲೇ ಇದೆ. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಟಾಟಾದವರ ಕಾರ್ಖಾನೆಗಳಿವೆ. ವಿಜಯ ಸಂಕೇಶ್ವರರು 1976ರಲ್ಲಿ ಒಂದೇ ಲಾರಿಯಿಂದ ಶುರುಮಾಡಿದ ವಿ.ಆರ್.ಎಲ್. ಇಲ್ಲಿಂದಲೇ ದೇಶದ ತುಂಬ ಓಡುತ್ತದೆ. ಗೋಕುಲ ರಸ್ತೆಯ ಇನ್ಫೊಸಿಸ್ ಕಥೆ ಈ ವಿಷಯಕ್ಕೆ ತೀರ ಹತ್ತಿರದ್ದು. ಕಟ್ಟಡ ಎದ್ದು ವರ್ಷಗಟ್ಟಲೆ ಹೊಳೆಯುತ್ತ ಖಾಲಿ ನಿಂತಿತ್ತು. ಇಲ್ಲಿನ ಜನ, ಬೆಂಗಳೂರಿನಲ್ಲಿದ್ದ ಇಲ್ಲಿನ ಮಕ್ಕಳು ಸೇರಿ ಶುರುಮಾಡಿ ಎಂದು ಅಭಿಯಾನ ನಡೆಸಿದರು. 2022ರ ಆಗಸ್ಟ್‌ನಲ್ಲಿ ಬಾಗಿಲು ತೆರೆಯಿತು. 2024ರಲ್ಲಿ, ಹುಬ್ಬಳ್ಳಿಗೆ ವರ್ಗವಾಗಿ ಬರುವ ನೌಕರರಿಗೆ ಹುದ್ದೆಯ ಮಟ್ಟ ನೋಡಿ 8 ಲಕ್ಷ ರೂಪಾಯಿಯ ತನಕ ಪ್ರೋತ್ಸಾಹಧನ ಕೊಡುವುದಾಗಿ ಕಂಪನಿ ಹೇಳಿತು. ಹೋಗುವಾಗ ಹುಡುಗ ಸ್ವಂತ ಖರ್ಚಿನಲ್ಲಿ ಹೋದ, ಬರಲು ಕಂಪನಿ ದುಡ್ಡು ಕೊಡಬೇಕಾಯಿತು! ಜನ ಬರದೆ ಇರುವುದಕ್ಕೆ ಊರಿನ ಮೇಲಿನ ಪ್ರೀತಿ ಕಮ್ಮಿಯಾದದ್ದು ಕಾರಣವಲ್ಲ. ಗಂಡನಿಗೆ ಇಲ್ಲಿ ಕೆಲಸವಿದ್ದರೆ ಹೆಂಡತಿಗೆ ಇರುವುದಿಲ್ಲ. ಈ ಕಂಪನಿ ಬಿಟ್ಟರೆ ಮುಂದೆ ಸೇರಲು ಪಕ್ಕದಲ್ಲಿ ಹತ್ತು ಕಂಪನಿಗಳಿಲ್ಲ. ಒಂದು ಕ್ಯಾಂಪಸ್ಸಿನಿಂದ ಊರು ತುಂಬುವುದಿಲ್ಲ.

ಇದಕ್ಕೆ ಪ್ರತಿಯಾಗಿ ಒಂದು ಉದಾಹರಣೆ ನಮ್ಮ ಕಣ್ಣೆದುರೇ ಇದೆ. ಹೈಕೋರ್ಟಿನ ಪೀಠ ಬೇಕೆಂದು ಇಲ್ಲಿನ ವಕೀಲರು ವರ್ಷಾನುಗಟ್ಟಲೆ ಹೋರಾಡಿದರು. 2008ರ ಜುಲೈನಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಕಾಯಂ ಆಯಿತು. 2009ರಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾಲಯವೂ ಹುಬ್ಬಳ್ಳಿಯ ನವನಗರಕ್ಕೆ ಬಂತು. ಹೈಕೋರ್ಟಿನಲ್ಲಿ ವಾದ ಮಾಡಬೇಕೆಂಬ ಆಸೆಯ ಕಾನೂನು ಪದವೀಧರ ಇವತ್ತು ಬೆಂಗಳೂರಿಗೆ ಗಂಟುಮೂಟೆ ಕಟ್ಟಲೇಬೇಕೆಂದಿಲ್ಲ. ಕಕ್ಷಿದಾರ ಬೆಳಗಾವಿಯಿಂದಲೋ ಬಳ್ಳಾರಿಯಿಂದಲೋ ಇಲ್ಲಿಗೇ ಬರುತ್ತಾನೆ. ಆಲೂರರ ಕಾಲದಲ್ಲಿ ಹೊರಗಿನಿಂದ ವಕೀಲಿ ಪದವಿ ಹಿಡಿದು ತಿರುಗಿ ಬಂದವರಿಗೂ ಇಂಥದ್ದೇ ಕಾರಣವಿತ್ತು: ಇಲ್ಲಿ ಜಿಲ್ಲಾ ಕಚೇರಿ ಇತ್ತು, ಕೋರ್ಟಿತ್ತು, ಶಾಲೆಗಳಿದ್ದವು, ಅಂದರೆ ಅನ್ನವಿತ್ತು. ಅವರಿಗೆ ಊರಿನ ಅಭಿಮಾನ ನಮಗಿಂತ ಹೆಚ್ಚಿತ್ತು ಎಂದು ನಾನು ನಂಬುವುದಿಲ್ಲ.

ವಿದ್ಯಾಸಂಸ್ಥೆಗಳಿಗಂತೂ ಬರವಿಲ್ಲ. 2015ರಲ್ಲಿ ಐ.ಐ.ಐ.ಟಿ., 2016ರಲ್ಲಿ ಐ.ಐ.ಟಿ. ಬಂದವು. ದೇಶದ ಮೂಲೆಮೂಲೆಯ ಮಕ್ಕಳು ಬರುತ್ತಾರೆ, ನಾಲ್ಕು ವರ್ಷ ಓದುತ್ತಾರೆ, ಹೋಗುತ್ತಾರೆ. ಸರ್ಕಾರಗಳು ನಮಗೆ ಕಾಲೇಜು ಕೊಟ್ಟಷ್ಟು ಧಾರಾಳವಾಗಿ ಕೆಲಸ ಕೊಟ್ಟಿಲ್ಲ. ಊರು ಹೆಮ್ಮೆಯಿಂದ ವಿದ್ಯಾಕಾಶಿ ಎಂದು ಕರೆದುಕೊಳ್ಳುತ್ತದೆ. ಕಾಶಿಗೆ ಬಂದವರು ಅಲ್ಲೇ ಇರಲು ಬರುವುದಿಲ್ಲ ಎಂಬುದನ್ನು ಆ ಹೆಸರಿಟ್ಟವರು ಯೋಚಿಸಿದಂತಿಲ್ಲ.

ಹೊರಡುವ ರಾತ್ರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಂಗಳೂರು 400 ಕಿಲೋಮೀಟರಿಗೆ ತುಸು ಹೆಚ್ಚು, ಒಂದು ರಾತ್ರಿಯ ದಾರಿ. 2023ರ ಜೂನ್‌ನಿಂದ ಹಗಲಿನಲ್ಲಿ ವಂದೇ ಭಾರತ್ ಇದೆ, ಆದರೂ ಊರು ಬಿಡುವವರು ರಾತ್ರಿಯನ್ನೇ ಆರಿಸಿಕೊಳ್ಳುತ್ತಾರೆ. ರಾಣಿ ಚೆನ್ನಮ್ಮ ರೈಲು, ಇಲ್ಲವೇ ಸ್ಲೀಪರ್ ಬಸ್ಸು. ಹುಬ್ಬಳ್ಳಿ ಸ್ಟೇಷನ್ನಿನ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮನ್ನು ಜಗತ್ತಿನಲ್ಲೇ ಅತಿ ಉದ್ದದ್ದು ಎಂದು 2023ರ ಮಾರ್ಚ್‌ನಲ್ಲಿ ಪ್ರಧಾನಿ ಲೋಕಾರ್ಪಣೆ ಮಾಡಿದರು. ಮಕ್ಕಳನ್ನು ಕಳಿಸುವ ಊರಿಗೆ ಇದಕ್ಕಿಂತ ತಕ್ಕ ದಾಖಲೆ ಸಿಗಲಾರದು. ಬೀಳ್ಕೊಡಲು ಬಂದ ಅಪ್ಪಂದಿರು ಮಾತಾಡುವುದು ಮೊಬೈಲ್ ಚಾರ್ಜಿನ ಬಗ್ಗೆ, ಬರ್ತಿನ ನಂಬರಿನ ಬಗ್ಗೆ. ‘ಮುಟ್ಟಿದ ಕೂಡಲೆ ಫೋನ್ ಮಾಡು’ ಎನ್ನುವಲ್ಲಿಗೆ ಮುಗಿಯಿತು.

ಹೋದ ಮೇಲೂ ನಂಟು ಬೇಗ ಹರಿಯುವುದಿಲ್ಲ, ಅದನ್ನೂ ಹೇಳಬೇಕು. ಖಡಕ್ ರೊಟ್ಟಿ, ಗುರೆಳ್ಳು ಚಟ್ನಿ, ಕೆಂಪು ಖಾರ ತುಂಬಿದ ಡಬ್ಬಿಗಳು ರಾತ್ರಿ ಬಸ್ಸಿನ ಡ್ರೈವರ್ ಕೈಯಲ್ಲಿ ಹೋಗುತ್ತವೆ. ಬೆಳಿಗ್ಗೆ ಐದಕ್ಕೆ ಯಶವಂತಪುರದಲ್ಲೋ ಆನಂದರಾವ್ ಸರ್ಕಲ್ಲಿನಲ್ಲೋ ನಿದ್ದೆಗಣ್ಣಿನ ಹುಡುಗ ಬಂದು ಇಳಿಸಿಕೊಳ್ಳುತ್ತಾನೆ. ಬೇಸಿಗೆಯಲ್ಲಿ ಹೋದವರು ಮೊದಲ ಸಲ ತಿರುಗಿ ಬರುವುದು ನಾಗರಪಂಚಮಿಗೆ. ಉತ್ತರ ಕರ್ನಾಟಕದ ಹುಡುಗರಿಗೆ ಪಂಚಮಿ ಎಂಥ ದೊಡ್ಡ ಹಬ್ಬ ಎಂಬುದು ಬೆಂಗಳೂರಿನ ಮ್ಯಾನೇಜರುಗಳಿಗೆ ರಜೆಯ ಅರ್ಜಿ ನೋಡಿದ ಮೇಲೆಯೇ ಗೊತ್ತಾಗುತ್ತದಂತೆ. ಉಂಡಿ ತಿಂದು, ಜೋಕಾಲಿ ಜೀಕಿ, ‘ಅಲ್ಲಿ ಊಟಾನ ಸರಿ ಇಲ್ಲ’ ಎಂದು ದೂರು ಹೇಳಿ ಹೋಗುತ್ತಾರೆ. ಎರಡನೇ ವರ್ಷ ದೀಪಾವಳಿಗೆ ಬರುತ್ತಾರೆ. ಆಮೇಲೆ ಟಿಕೆಟ್ ಸಿಕ್ಕರೆ.

ಈ ಬೇಸಿಗೆಯಲ್ಲಿ ಹೊರಡುವವರಿಗೆ ಉಳಿದವನೊಬ್ಬನ ಮಾತು, ಇದು ಭಾವನೆಯದ್ದಲ್ಲ, ಕಚೇರಿಯದ್ದು. ಹೋಗುವ ಮುಂಚೆ ಕಾಲೇಜಿನಿಂದ ಟಿ.ಸಿ. ತೆಗೆದುಕೊಳ್ಳಿ. ಎಲ್ಲ ಸೆಮಿಸ್ಟರಿನ ಅಂಕಪಟ್ಟಿ ಒಂದು ಕಡೆ ಸೇರಿಸಿ, ಹೆಸರಿನ ಅಕ್ಷರ ಎಲ್ಲದರಲ್ಲೂ ಒಂದೇ ಇದೆಯೇ ನೋಡಿ. ಇಲ್ಲದಿದ್ದರೆ ಈಗಲೇ ತಿದ್ದಿಸಿ. ಪ್ರೊವಿಜನಲ್ ಸರ್ಟಿಫಿಕೇಟು ಕೈಗೆ ಬರಲಿ. ಮುಂದೆ ಬೇರೆ ವಿಶ್ವವಿದ್ಯಾಲಯದಲ್ಲಿ ಓದುವ ಮನಸ್ಸಿದ್ದರೆ ಮೈಗ್ರೇಶನ್ ಸರ್ಟಿಫಿಕೇಟಿಗೂ ಅರ್ಜಿ ಹಾಕಿಬಿಡಿ. ಡಿಜಿಲಾಕರಿನಲ್ಲಿ ಸಿಗುತ್ತದೆ ಎಂದು ನಂಬಿ ಕೂರಬೇಡಿ, ಮೂಲ ಪ್ರತಿ ಬೇರೆ. ಒಂದು ಸೆಟ್ ಜೆರಾಕ್ಸ್ ಮನೆಯಲ್ಲಿ ಅವ್ವನ ಕಪಾಟಿನಲ್ಲಿಡಿ. ಇಲ್ಲದಿದ್ದರೆ ಮುಂದೊಂದು ದಿನ ಎರಡು ದಿನದ ರಜೆ ಹಾಕಿ, ರಾತ್ರಿ ಬಸ್ಸು ಹಿಡಿದು ಬಂದು, ಪಾವಟೆ ನಗರದ ವಿಶ್ವವಿದ್ಯಾಲಯದ ಕೌಂಟರಿನ ಮುಂದೆ ಸರದಿಯಲ್ಲಿ ನಿಲ್ಲಬೇಕಾಗುತ್ತದೆ. ಮಧ್ಯಾಹ್ನದ ಊಟದ ಹೊತ್ತಿಗೆ ಅದನ್ನು ಮುಚ್ಚುತ್ತಾರೆ.